ಅತ್ತೆಗೆ ನೀರು ಕಮ್ಮಿ, ಗಂಡನಿಗೆ ನೀರು ಜಾಸ್ತಿ: ಒಂದೇ ಮನೇಲಿ ಎರಡು ಲೆಕ್ಕ ಯಾಕೆ?

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಮ್ಮದು ಕೊಡಗಿನ ನಾಪೋಕ್ಲು ಹತ್ರ ಕಾಫಿ ತೋಟ. ನಮ್ಮತ್ತೆಗೆ 74 ವರ್ಷ, ತೂಕ 45 ಕೆಜಿ ಇರಬಹುದು. ಬಿಪಿ ಇದೆ, ಮೇ ತಿಂಗಳಲ್ಲಿ ಇನ್ನೊಂದು ಮಾತ್ರೆ ಸೇರಿಸಿದ್ರು. ಯಾವುದೋ ವಿಡಿಯೋ ನೋಡಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದೂವರೆ ಲೀಟರ್ ಬಿಸಿನೀರು ಕುಡಿಯೋದು ಶುರು ಮಾಡಿದ್ರು, ದಿನಕ್ಕೆ ನಾಲ್ಕು ಲೀಟರ್ ಆಗ್ತಿತ್ತು. ಜುಲೈ ಮಳೇಲಿ ವಾಕರಿಕೆ, ಊಟ ಸೇರ್ತಿರಲಿಲ್ಲ, ಆಮೇಲೆ ಮಂಕಾದ್ರು, ನನ್ನನ್ನ ನಾದಿನಿ ಹೆಸರಿಂದ ಕರೆಯೋಕೆ ಶುರು ಮಾಡಿದ್ರು, ಬಚ್ಚಲಲ್ಲಿ ಬಿದ್ರು. ಆಸ್ಪತ್ರೇಲಿ ಸೋಡಿಯಂ 118 ಅಂದ್ರು. ಈಗ ಮನೇಲಿದ್ದಾರೆ, ದಿನಕ್ಕೆ ಒಂದೇ ಲೀಟರ್ ನೀರು ಕೊಡಿ ಅಂದಿದ್ದಾರೆ. ಆದ್ರೆ ನಮ್ಮ ಯಜಮಾನರಿಗೆ ಕಿಡ್ನಿ ಸ್ಟೋನ್ ಆಗಿತ್ತು, ಅವರಿಗೆ ಮೂರು ಲೀಟರ್ ಕುಡೀರಿ ಅಂದಿದ್ದಾರೆ. ಯಾವುದು ಸರಿ? ಸೋಡಿಯಂ ಅಂದ್ರೆ ಉಪ್ಪು ತಾನೇ, ಅತ್ತೆಗೆ ಉಪ್ಪು ಜಾಸ್ತಿ ಹಾಕ್ಲಾ, ಬಿಪಿ ಏನಾಗುತ್ತೆ? ಕಾಫಿ ನೀರಿನ ಲೆಕ್ಕಕ್ಕೆ ಬರುತ್ತಾ?

ಉತ್ತರ: ಇಬ್ಬರು ಡಾಕ್ಟ್ರು ಹೇಳಿದ್ದೂ ಸರಿ, ಮೊದಲು ಅದನ್ನ ಹೇಳಿಬಿಡ್ತೀನಿ, ಯಾಕಂದ್ರೆ ಮನೆಯವರಿಗೆ ಗೊಂದಲ ಆದ್ರೆ ಕೊನೆಗೆ ಇಬ್ಬರ ಮಾತನ್ನೂ ಬಿಟ್ಟು ವಿಡಿಯೋ ಹೇಳಿದ್ದನ್ನೇ ಮಾಡ್ತಾರೆ. ನಿಮ್ಮ ಅತ್ತೆಗೆ ಆಗಿದ್ದು ನಮ್ಮ ಜಿಲ್ಲೇಲಿ ಅಪರೂಪದ ಕಾಯಿಲೆ ಅಲ್ಲ. ವಯಸ್ಸಾದ, ತೂಕ ಕಮ್ಮಿ ಇರೋ, ಬಿಪಿ ಮಾತ್ರೆ ತಗೊಳ್ಳೋ ಹೆಂಗಸರಲ್ಲಿ ಇದು ಪದೇ ಪದೇ ಆಗುತ್ತೆ, ಎಷ್ಟೋ ಸಲ "ವಯಸ್ಸಾಯ್ತಲ್ಲ, ಮರೆವು ಶುರುವಾಗಿದೆ" ಅಂತ ಮನೇಲೇ ಇಟ್ಕೊಂಡಿರ್ತಾರೆ. ನೀವು ಕರ್ಕೊಂಡು ಹೋಗಿದ್ದು ಒಳ್ಳೇದಾಯ್ತು.

ಈಗ ಮುಖ್ಯ ವಿಷಯ. ರಕ್ತದ ರಿಪೋರ್ಟಲ್ಲಿ ಬರೋ ಸೋಡಿಯಂ ನಂಬರ್ ಇದೆಯಲ್ಲ, 135 ರಿಂದ 145 ಇರಬೇಕಾದದ್ದು, ಅದು ಮೈಯಲ್ಲಿ ಒಟ್ಟು ಎಷ್ಟು ಉಪ್ಪಿದೆ ಅನ್ನೋ ಲೆಕ್ಕ ಅಲ್ಲ. ಒಂದು ಲೀಟರ್ ನೀರಿಗೆ ಎಷ್ಟು ಉಪ್ಪಿನಂಶ ಕರಗಿದೆ ಅನ್ನೋ ಲೆಕ್ಕ. ಹದವಾಗಿ ಉಪ್ಪು ಹಾಕಿದ ಸಾರಿಗೆ ಯಾರೋ ಎರಡು ಚೊಂಬು ನೀರು ಹೊಯ್ದುಬಿಟ್ರೆ ಸಾರು ಸಪ್ಪೆ ಆಗುತ್ತೆ, ಆದ್ರೆ ಹಾಕಿದ ಉಪ್ಪು ಎಲ್ಲೂ ಹೋಗಿಲ್ಲ, ನೀರು ಜಾಸ್ತಿ ಆಗಿದೆ ಅಷ್ಟೆ. ನಿಮ್ಮ ಅತ್ತೆಗೆ ಹೆಚ್ಚಿನಂಶ ಆಗಿರೋದು ಇದೇ. ಅದಕ್ಕೇ ಆಸ್ಪತ್ರೆಯವರು "ಉಪ್ಪು ತಿನ್ನಿಸಿ" ಅನ್ನೋ ಬದಲು "ನೀರು ಕಮ್ಮಿ ಮಾಡಿ" ಅಂದಿದ್ದು.

ಲೆಕ್ಕ ಹಾಕಿ ನೋಡೋಣ. ವಯಸ್ಕ ಗಂಡಸಿನ ತೂಕದಲ್ಲಿ ಸುಮಾರು 60 ಪರ್ಸೆಂಟ್ ನೀರೇ, ಹೆಂಗಸರಲ್ಲಿ 50, ವಯಸ್ಸಾದ ಹೆಂಗಸರಲ್ಲಿ ಇನ್ನೂ ಸ್ವಲ್ಪ ಕಮ್ಮಿ, ಯಾಕಂದ್ರೆ ಮಾಂಸಖಂಡ ಕರಗಿರುತ್ತೆ, ನೀರು ಹಿಡಿದಿಡೋದು ಮಾಂಸಖಂಡ, ಕೊಬ್ಬಲ್ಲ. ಅಂದ್ರೆ 45 ಕೆಜಿ ತೂಕದ ನಿಮ್ಮ ಅತ್ತೆ ಮೈಯಲ್ಲಿ ಒಟ್ಟು ನೀರು 21 ಲೀಟರ್ ಆಸುಪಾಸು. ಅದರ ಮೇಲೆ ಹೊರಗೆ ಹೋಗದೆ ಮೂರು ಲೀಟರ್ ನೀರು ಉಳ್ಕೊಂಡ್ರೆ 140 ಇದ್ದ ಸೋಡಿಯಂ 122ಕ್ಕೆ ಬಂದುಬಿಡುತ್ತೆ. ಅದೇ ಮೂರು ಲೀಟರ್ 75 ಕೆಜಿ ಇರೋ ಗಂಡಸಿನ ಮೈಯಲ್ಲಿ ಉಳಿದ್ರೂ 131ರ ಹತ್ರ ನಿಲ್ಲುತ್ತೆ, ಯಾಕಂದ್ರೆ ಅವರಲ್ಲಿ ಮೊದಲೇ 45 ಲೀಟರ್ ಇದೆ. ಎಲ್ಲರಿಗೂ ಒಂದೇ ಅಳತೆ ಹೇಳೋ ವಿಡಿಯೋದವರು ನೋಡುಗರ ತೂಕ ಕೇಳಿರಲ್ಲ, ವಯಸ್ಸು ಕೇಳಿರಲ್ಲ, ಮಾತ್ರೆ ಅಂತೂ ಕೇಳೇ ಇರಲ್ಲ. ನನಗೆ ನಿಜವಾಗ್ಲೂ ಸಂಕಟ ಆಗೋದು ಇದಕ್ಕೇ.

ಆದ್ರೆ ನೀವು ಕೇಳಬಹುದು, ಜಾಸ್ತಿ ಕುಡಿದ ನೀರು ಉಚ್ಚೆಯಲ್ಲಿ ಹೋಗಬೇಕಲ್ವಾ ಅಂತ. ಹೋಗಬೇಕು, ಆರೋಗ್ಯವಂತರಿಗೆ ಹೋಗುತ್ತೆ ಕೂಡ. ನಮ್ಮ ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ರಕ್ತದಲ್ಲಿರೋ ಪ್ಲಾಸ್ಮಾ ಅನ್ನೋ ದ್ರವಭಾಗ ಬರೀ ಮೂರು ಲೀಟರ್, ಅಂದ್ರೆ ಅದೇ ಮೂರು ಲೀಟರ್ ದಿನಕ್ಕೆ 60 ಸಲ ಸೋಸಿ ಹೋಗುತ್ತೆ. ಸೋಸಿದ್ರಲ್ಲಿ 99 ಪರ್ಸೆಂಟ್ ವಾಪಸ್ ಒಳಗೇ ತಗೊಂಡು, ಒಂದು ಒಂದೂವರೆ ಲೀಟರ್ ಮಾತ್ರ ಹೊರಗೆ ಬಿಡುತ್ತವೆ. ಎಷ್ಟು ಬಿಡಬೇಕು ಅನ್ನೋದನ್ನ ಹೇಳೋದು ಮೆದುಳು. ಮೆದುಳಿನ ಬುಡದಲ್ಲಿ ಹೈಪೋಥಲಮಸ್ ಅಂತ ಒಂದು ಜಾಗ ಇದೆ, ಅಲ್ಲಿರೋ ಜೀವಕೋಶಗಳು ರಕ್ತದ ಸಾಂದ್ರತೆ ಒಂದೆರಡು ಪರ್ಸೆಂಟ್ ಏರಿದ್ರೂ ಗುರುತಿಸ್ತವೆ. ಗುರುತಿಸಿದ ತಕ್ಷಣ ಎರಡು ಕೆಲಸ ಆಗುತ್ತೆ, ಒಂದು ಬಾಯಾರಿಕೆ, ಇನ್ನೊಂದು ಎಡಿಎಚ್ ಅನ್ನೋ ಹಾರ್ಮೋನ್ ರಕ್ತಕ್ಕೆ ಬರುತ್ತೆ. ಎಡಿಎಚ್ ಬಂದ್ರೆ ಕಿಡ್ನಿ ನೀರನ್ನ ಹಿಡ್ಕೊಳ್ಳುತ್ತೆ, ಉಚ್ಚೆ ಗಟ್ಟಿ ಹಳದಿ ಆಗುತ್ತೆ. ನೀರು ಜಾಸ್ತಿ ಆದ್ರೆ ಎಡಿಎಚ್ ನಿಲ್ಲುತ್ತೆ, ಉಚ್ಚೆ ನೀರಿನ ಹಾಗೇ ತೆಳ್ಳಗೆ ಹೋಗುತ್ತೆ. ಆರೋಗ್ಯವಾಗಿರೋ ಹುಡುಗರ ಕಿಡ್ನಿ ಗಂಟೆಗೆ ಮುಕ್ಕಾಲು ಒಂದು ಲೀಟರ್ ತನಕ ಹೊರಗೆ ಹಾಕಬಲ್ಲದು.

ನಿಮ್ಮ ಅತ್ತೆ ವಿಷಯದಲ್ಲಿ ಈ ವ್ಯವಸ್ಥೆ ಮೂರು ನಾಲ್ಕು ಕಡೆ ಒಟ್ಟಿಗೇ ಕೈಕೊಟ್ಟಿದೆ ಅನ್ಸುತ್ತೆ. ಮೊದಲನೇದು ಆ ಹೊಸ ಮಾತ್ರೆ. ನೀವು ಹೆಸರು ಬರೆದಿಲ್ಲ, ಆದ್ರೆ ಸ್ಟ್ರಿಪ್ ಹಿಂದೆ ನೋಡಿ, ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್, ಇಂಡಪಮೈಡ್ ಇವುಗಳಲ್ಲಿ ಯಾವುದಾದ್ರೂ ಇದೆಯಾ ಅಂತ. ಬೇರೆ ಬಿಪಿ ಮಾತ್ರೆ ಜೊತೆ ಸೇರಿಸಿ ಒಂದೇ ಗುಳಿಗೆ ಮಾಡಿರ್ತಾರೆ, ಬ್ರ್ಯಾಂಡ್ ಹೆಸರಿನ ಕೊನೇಲಿ ಎಚ್ ಅಂತ ಇದ್ರೆ ಬಹಳಷ್ಟು ಸಲ ಅದೇ. ಇವಕ್ಕೆ ಥಯಾಜೈಡ್ ಗುಂಪು, ಅಂದ್ರೆ ನೀರಿನ ಮಾತ್ರೆ ಅಂತಾರೆ. ಇವು ಒಳ್ಳೇ ಔಷಧಿಗಳು, ಕಡಿಮೆ ಖರ್ಚಲ್ಲಿ ಎಷ್ಟೋ ಜನರನ್ನ ಸ್ಟ್ರೋಕ್‌ನಿಂದ ಕಾಪಾಡಿವೆ, ಹಾಗಾಗಿ ಇದನ್ನ ಓದಿ ಯಾರೂ ಗುಳಿಗೆ ಬಿಸಾಕಬೇಡಿ. ಆದ್ರೆ ಕಿಡ್ನಿಯೊಳಗೆ ಒಂದು ಭಾಗ ಇದೆ, ನೀರನ್ನ ಒಳಗೆ ಬಿಡದೆ ಉಪ್ಪನ್ನ ಮಾತ್ರ ವಾಪಸ್ ಎಳ್ಕೊಂಡು ಉಚ್ಚೆನ ತೆಳ್ಳಗೆ ಮಾಡೋದೇ ಅದರ ಕೆಲಸ. ಈ ಮಾತ್ರೆಗಳು ಬಂದ್ ಮಾಡೋದು ಸರಿಯಾಗಿ ಆ ಭಾಗವನ್ನೇ. ಅಂದ್ರೆ ಹೆಚ್ಚಿನ ನೀರನ್ನ ಹೊರಗೆ ಹಾಕೋ ಶಕ್ತಿ ಕಿಡ್ನಿಗೆ ಕಮ್ಮಿ ಆಯ್ತು, ಅದೇ ಹೊತ್ತಿಗೆ ಅವರು ದಿನಕ್ಕೆ ನಾಲ್ಕು ಲೀಟರ್ ಕುಡಿಯೋಕೆ ಶುರು ಮಾಡಿದ್ರು.

ಎರಡನೇದು ಊಟ. ಇದು ಬಹಳ ಜನರಿಗೆ ಗೊತ್ತಿರಲ್ಲ. ಕಿಡ್ನಿಗೆ ಬರೀ ನೀರನ್ನ ಹೊರಗೆ ಹಾಕೋಕೆ ಆಗಲ್ಲ, ಪ್ರತಿ ಲೀಟರ್ ಉಚ್ಚೆ ಜೊತೆ ಸ್ವಲ್ಪನಾದ್ರೂ ಉಪ್ಪು, ಯೂರಿಯಾ ಹೋಗಲೇಬೇಕು. ಯೂರಿಯಾ ಬರೋದು ನಾವು ತಿನ್ನೋ ಪ್ರೋಟೀನ್‌ನಿಂದ, ಅಂದ್ರೆ ಮೊಟ್ಟೆ ಮೀನು ಬೇಳೆ ಮಾಂಸದಿಂದ. ಮಳೆಗಾಲದಲ್ಲಿ ವಯಸ್ಸಾದವರು ಏನು ತಿಂತಾರೆ? ಒಂದು ಲೋಟ ಗಂಜಿ, ಒಂದು ಚೂರು ಉಪ್ಪಿನಕಾಯಿ, ಒಂದು ಅಕ್ಕಿ ರೊಟ್ಟಿ ಅರ್ಧ ಬಿಟ್ಟು, ನಾಲ್ಕು ಸಲ ಕಾಫಿ. ಬಿಪಿ ಅಂತ ಉಪ್ಪೂ ಬಿಟ್ಟಿರ್ತಾರೆ, ಹಲ್ಲಿಲ್ಲ ಅಂತ ಮಾಂಸನೂ ಬಿಟ್ಟಿರ್ತಾರೆ. ಇಷ್ಟು ಕಮ್ಮಿ ತಿಂದ್ರೆ ನೀರನ್ನ ಹೊರಗೆ ಕರ್ಕೊಂಡು ಹೋಗೋಕೆ ಬೇಕಾದ ಸರಕೇ ಕಿಡ್ನಿಗೆ ಸಿಗಲ್ಲ, ಕುಡಿದ ನೀರು ಒಳಗೇ ಉಳಿಯುತ್ತೆ. ಆದ್ದರಿಂದ ನೀರು ಕಮ್ಮಿ ಮಾಡೋ ಜೊತೆಗೆ ಅತ್ತೆಗೆ ದಿನಾ ಒಂದು ಮೊಟ್ಟೆ, ಮೆತ್ತಗೆ ಬೇಯಿಸಿದ ಬೇಳೆ, ಮೀನು ಸಾರು ಇಂಥದ್ದು ಸೇರಿಸಿ. ಕಿಡ್ನಿ ಟೆಸ್ಟ್ ಅಂದ್ರೆ ಕ್ರಿಯಾಟಿನಿನ್ ಸರಿ ಇದೆಯಾ ಅಂತ ಕೇಳ್ಕೊಂಡು ಸೇರಿಸಿ.

ಮೂರನೇದು, ವಾಕರಿಕೆ ನೋವು ನ್ಯುಮೋನಿಯಾ ಇವೆಲ್ಲ ತಾವಾಗೇ ಎಡಿಎಚ್ ಏರಿಸ್ತವೆ. ಸೋಡಿಯಂ ಇಳಿದು ವಾಕರಿಕೆ ಬಂತು, ವಾಕರಿಕೆಯಿಂದ ಎಡಿಎಚ್ ಇನ್ನೂ ಏರಿತು, ಕಿಡ್ನಿ ಇನ್ನೂ ನೀರು ಹಿಡ್ಕೊಂತು, ಮನೆಯವರು ಪಾಪ "ಸುಸ್ತಾಗಿದ್ದಾರೆ" ಅಂತ ಇನ್ನೊಂದು ಲೋಟ ಬಿಸಿನೀರು ಕೊಟ್ರು. ಮಂಡಿ ನೋವಿಗೆ ಮೆಡಿಕಲ್ ಶಾಪಿಂದ ತಂದು ನುಂಗೋ ಡಿಕ್ಲೋಫೆನಾಕ್ ಥರದ ಮಾತ್ರೆಗಳೂ ಕಿಡ್ನಿ ಮೇಲೆ ಎಡಿಎಚ್ ಪ್ರಭಾವ ಹೆಚ್ಚಿಸ್ತವೆ. ಖಿನ್ನತೆಗೆ ಕೊಡೋ ಕೆಲವು ಮಾತ್ರೆ, ಫಿಟ್ಸ್‌ಗೆ ಕೊಡೋ ಕಾರ್ಬಮಝೆಪಿನ್ ಕೂಡ ಸೋಡಿಯಂ ಇಳಿಸ್ತವೆ. ಅದಕ್ಕೇ ಡಾಕ್ಟರ ಹತ್ರ ಹೋಗೋವಾಗ ಅತ್ತೆ ನುಂಗೋ ಎಲ್ಲಾ ಮಾತ್ರೆ, ಪಕ್ಕದ ಮನೆಯವರು ಕೊಟ್ಟಿದ್ದು ಸೇರಿ, ಒಂದು ಕವರಲ್ಲಿ ಹಾಕ್ಕೊಂಡು ಹೋಗಿ.

ಸೋಡಿಯಂ ಇಳಿದ್ರೆ ತೊಂದ್ರೆ ತಲೆಗೇ ಯಾಕೆ ಬರುತ್ತೆ ಅಂದ್ರೆ, ರಕ್ತ ತೆಳ್ಳಗಾದಾಗ ನೀರು ಜೀವಕೋಶಗಳ ಒಳಗೆ ನುಗ್ಗುತ್ತೆ, ಅವು ಊದ್ಕೊಳ್ತವೆ. ಕೈ ಕಾಲಿನ ಮಾಂಸಖಂಡ ಸ್ವಲ್ಪ ಊದಿದ್ರೆ ಜಾಗ ಇದೆ, ಮೆದುಳಿಗೆ ತಲೆಬುರುಡೆಯೊಳಗೆ ಜಾಗ ಇಲ್ಲ. ಹಾಗಾಗಿ ಮಂಕು, ತಲೆನೋವು, ತೂರಾಡೋದು, ಹೆಸರು ತಪ್ಪೋದು, ತೀರಾ ಬೇಗ ಇಳಿದ್ರೆ ಫಿಟ್ಸ್. ನಿಧಾನಕ್ಕೆ ದಿನಗಟ್ಟಲೆ ಇಳಿದ್ರೆ ಮೆದುಳು ತನ್ನೊಳಗಿನ ಉಪ್ಪಿನಂಶನ ಹೊರಗೆ ಹಾಕಿ ಹೊಂದ್ಕೊಳ್ಳುತ್ತೆ, ಸುಮಾರು ಎರಡು ದಿನದಲ್ಲಿ. ಅದಕ್ಕೇ 118 ಇದ್ರೂ ಅವರು ಮಾತಾಡ್ತಾ ಇದ್ರು. ಆದ್ರೆ ಹೀಗೆ ಹೊಂದ್ಕೊಂಡ ಮೆದುಳಿಗೆ ಸೋಡಿಯಂನ ಒಂದೇ ದಿನದಲ್ಲಿ 118ರಿಂದ 138ಕ್ಕೆ ಏರಿಸಿದ್ರೆ ನರಗಳ ಮೇಲಿನ ಹೊದಿಕೆ ಹಾಳಾಗಿ ಕೈಕಾಲು ಬಿದ್ದುಹೋಗೋ ಅಪಾಯ ಇದೆ. 24 ಗಂಟೆಗೆ 8 ರಿಂದ 10ಕ್ಕಿಂತ ಹೆಚ್ಚು ಏರದ ಹಾಗೆ ನೋಡ್ಕೊಳ್ತಾರೆ. "ನಾಲ್ಕು ದಿನ ಆದ್ರೂ ಬಿಡ್ಲಿಲ್ಲ, ದಿನಾ ರಕ್ತ ತೆಗೀತಾರೆ" ಅಂತ ಎಷ್ಟೋ ಜನ ಬೇಜಾರು ಮಾಡ್ಕೊಳ್ತಾರೆ, ಆ ನಿಧಾನವೇ ಅಲ್ಲಿ ಚಿಕಿತ್ಸೆ.

ಇಲ್ಲೇ ಇನ್ನೊಂದು ಮಾತು. ನಮ್ಮ ಕಡೆ ಸುಸ್ತು ಅಂದ್ರೆ "ಒಂದು ಗ್ಲೂಕೋಸ್ ಹಾಕ್ಸಿ" ಅಂತ ಕೇಳೋರು ಬಹಳ. ಅರ್ಧ ಲೀಟರಿನ 5 ಪರ್ಸೆಂಟ್ ಗ್ಲೂಕೋಸ್ ಬಾಟ್ಲಿಯಲ್ಲಿ ಇರೋದು 25 ಗ್ರಾಂ ಸಕ್ಕರೆ, 100 ಕ್ಯಾಲರಿ. ಆ ಸಕ್ಕರೆ ಮೈಗೆ ಬಳಕೆ ಆಗಿ ಹೋದ್ಮೇಲೆ ಉಳಿಯೋದು ಬರೀ ನೀರು. ಸೋಡಿಯಂ ಕಮ್ಮಿ ಇರೋ ಅಜ್ಜಿಗೆ ಇದನ್ನ ಏರಿಸಿದ್ರೆ ನೀರನ್ನ ನೇರ ರಕ್ತಕ್ಕೆ ಸುರಿದ ಹಾಗೇ ಆಯ್ತು. ವಯಸ್ಸಾದವರು ಮಂಕಾಗಿದ್ರೆ ದಯವಿಟ್ಟು ಡ್ರಿಪ್ ಕೇಳೋ ಮೊದಲು ಸಕ್ಕರೆ ಮತ್ತು ಸೋಡಿಯಂ ಟೆಸ್ಟ್ ಕೇಳಿ.

ಉಪ್ಪಿನ ವಿಷಯಕ್ಕೆ ಬರ್ತೀನಿ. ನೀವಾಗೇ ಉಪ್ಪು ಜಾಸ್ತಿ ಹಾಕಬೇಡಿ. ಸಾದಾ ಅಡಿಗೆಗೆ ಹಾಕೋ ಉಪ್ಪು ಸಾಕು, ಪೂರ್ತಿ ಉಪ್ಪಿಲ್ಲದ ಸಪ್ಪೆ ಊಟನೂ ಬೇಡ. ಉಪ್ಪು ಜಾಸ್ತಿ ತಿಂದ್ರೆ ಬಾಯಾರುತ್ತೆ, ಮತ್ತೆ ನೀರು ಕುಡೀತಾರೆ, ಬಿಪಿ ಏರುತ್ತೆ, ಹೃದಯ ದುರ್ಬಲ ಇದ್ರೆ ಕಾಲು ಊದ್ಕೊಳ್ಳುತ್ತೆ. ಕೆಲವರಿಗೆ ಆಸ್ಪತ್ರೆಯಲ್ಲಿ ಉಪ್ಪಿನ ಮಾತ್ರೆ ಬರೆದಿರ್ತಾರೆ, ಅದು ಬೇರೆ ಲೆಕ್ಕ, ಅವರು ಹೇಳಿದಷ್ಟು ದಿನ ಕೊಡಿ. ಮತ್ತೆ ಬಿಪಿ ಮಾತ್ರೆ ಬದಲಾಯಿಸಿದ್ದಾರಾ ಇಲ್ವಾ ಅಂತ ಡಿಸ್‌ಚಾರ್ಜ್ ಚೀಟಿ ನೋಡಿ ಖಾತ್ರಿ ಮಾಡ್ಕೊಳ್ಳಿ, ಆಸ್ಪತ್ರೆಯವರು ನಿಲ್ಲಿಸಿದ ಹಳೇ ಸ್ಟ್ರಿಪ್ ಮನೇಲಿ ಉಳಿದಿರುತ್ತೆ, ಅಭ್ಯಾಸದಲ್ಲಿ ಅದನ್ನೇ ನುಂಗಿ ಮತ್ತೆ ಅಡ್ಮಿಟ್ ಆಗೋದು ಹೊಸದಲ್ಲ.

ಒಂದು ಲೀಟರ್ ಅಂದ್ರೆ ಹೇಗೆ ಅಳೆಯೋದು? ಬರೀ ನೀರಲ್ಲ, ಕಾಫಿ, ಟೀ, ಮಜ್ಜಿಗೆ, ಗಂಜಿ ತಿಳಿ, ಕುಡಿಯೋ ಸಾರು ಎಲ್ಲಾ ಸೇರಿ ಒಂದು ಲೀಟರ್. ಸುಲಭ ದಾರಿ ಅಂದ್ರೆ ಬೆಳಿಗ್ಗೆ ಒಂದು ಲೀಟರ್ ಬಾಟ್ಲಿಗೆ ನೀರು ತುಂಬಿಸಿಡಿ. ಅತ್ತೆ ಕಾಫಿ ಕುಡಿದ್ರೆ ಅದೇ ಲೋಟದಲ್ಲಿ ಅಷ್ಟು ನೀರನ್ನ ಬಾಟ್ಲಿಯಿಂದ ತೆಗೆದು ಗಿಡಕ್ಕೆ ಹಾಕಿ. ಬಾಟ್ಲಿ ಖಾಲಿ ಆದ್ರೆ ಆ ದಿನದ್ದು ಮುಗೀತು. ಬಾಯಿ ಒಣಗುತ್ತೆ ಅಂದ್ರೆ ಬಾಯಿ ಮುಕ್ಕಳಿಸಿ ಉಗುಳಲಿ, ಒಂದು ತೊಳೆ ಕಿತ್ತಳೆ ಬಾಯಲ್ಲಿಡಲಿ. ಈ ಒಂದು ಲೀಟರ್ ಜೀವನಪೂರ್ತಿ ಅಲ್ಲ ಅಂತ ಅವರಿಗೆ ಹೇಳಿ, ಮಾತ್ರೆ ಬದಲಾಗಿ ಸೋಡಿಯಂ 135 ದಾಟಿ ನಿಂತ್ರೆ ಡಾಕ್ಟ್ರೇ ಸಡಿಲ ಮಾಡ್ತಾರೆ. ಸುಡು ಬೇಸಿಗೆ ಬಂದ್ರೆ ಅಥವಾ ವಾಂತಿ ಭೇದಿ ಆದ್ರೆ ಆ ಅಳತೆಯನ್ನೇ ಹಿಡ್ಕೊಂಡು ಕೂರಬೇಡಿ, ಅವತ್ತೇ ಫೋನ್ ಮಾಡಿ ಕೇಳಿ.

ಇನ್ನು ಯಜಮಾನರು. ಅವರ ಲೆಕ್ಕ ಪೂರ್ತಿ ಬೇರೆ, ಅಲ್ಲಿ ನೋಡಬೇಕಾದ್ದು ರಕ್ತ ಅಲ್ಲ, ಉಚ್ಚೆ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನವು, ಉಚ್ಚೆ ಗಟ್ಟಿಯಾದಾಗ ಹರಳುಗಟ್ಟುತ್ತವೆ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಉಚ್ಚೆ ಆಗೋ ಹಾಗೆ ಕುಡಿದ್ರೆ ಕಲ್ಲು ಮತ್ತೆ ಬರೋದು ಕಮ್ಮಿ ಆಗುತ್ತೆ, ಅದಕ್ಕೆ ಮೂರು ಲೀಟರ್ ಅಂದಿರೋದು. ಅವರ ಕಿಡ್ನಿ, ಹೃದಯ ಚೆನ್ನಾಗಿದ್ರೆ, ನೀರಿನ ಮಾತ್ರೆ ಇಲ್ಲದಿದ್ರೆ, ದಿನಪೂರ್ತಿ ಹಂಚಿ ಕುಡಿಯೋ ಮೂರು ಲೀಟರ್‌ನಿಂದ ಅವರಿಗೆ ತೊಂದ್ರೆ ಇಲ್ಲ. ಬೆಳಿಗ್ಗೆ ಒಂದೇ ಸಲ ಸುರ್ಕೊಂಡ್ರೆ ಪ್ರಯೋಜನ ಇಲ್ಲ, ಅದು ಎರಡು ಗಂಟೇಲಿ ಹೋಗಿಬಿಡುತ್ತೆ, ಮಧ್ಯಾಹ್ನ ತೋಟದಲ್ಲಿ ಉಚ್ಚೆ ಮತ್ತೆ ಗಟ್ಟಿ. ಮಲಗೋ ಮೊದಲು ಒಂದು ಲೋಟ ಅವರಿಗೆ ಒಳ್ಳೇದು, ರಾತ್ರಿನೇ ಉಚ್ಚೆ ಜಾಸ್ತಿ ಗಟ್ಟಿ ಆಗೋದು. ಉಪ್ಪು ಕಮ್ಮಿ ಮಾಡಬೇಕು, ಯಾಕಂದ್ರೆ ಉಪ್ಪು ಜಾಸ್ತಿ ಆದಷ್ಟೂ ಉಚ್ಚೆಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತೆ. ಹಾಲು ಮೊಸರು ಬಿಡಬಾರದು, ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟ್‌ನ ಹಿಡ್ಕೊಂಡು ಹೊರಗೆ ಕಳಿಸುತ್ತೆ, ಜನ ಉಲ್ಟಾ ತಿಳ್ಕೊಂಡಿದ್ದಾರೆ. ನಿಂಬೆ ಹಣ್ಣು, ನಮ್ಮ ಕೊಡಗಿನ ಕಿತ್ತಳೆ ಒಳ್ಳೇದು, ಸಿಟ್ರೇಟ್ ಇರುತ್ತೆ, ಅದು ಹರಳುಗಟ್ಟೋದನ್ನ ತಡೆಯುತ್ತೆ. ಪಂದಿ ಕರಿ, ಅಂದ್ರೆ ಹಂದಿ ಮಾಂಸದ ಸಾರು, ಹಬ್ಬ ಮದುವೇಲಿ ತಿನ್ನಲಿ, ದಿನಾ ಎರಡು ಹೊತ್ತು ಮಾಂಸ ಬೇಡ, ಯೂರಿಕ್ ಆಸಿಡ್ ಏರುತ್ತೆ, ಸಿಟ್ರೇಟ್ ಇಳಿಯುತ್ತೆ. ಬಿಯರ್ ಕುಡಿದ್ರೆ ಕಲ್ಲು ತಳ್ಕೊಂಡು ಹೋಗುತ್ತೆ ಅನ್ನೋದು ಸುಳ್ಳು. ಮದ್ಯ ಎಡಿಎಚ್‌ನ ತಡೆಯುತ್ತೆ, ಅದಕ್ಕೆ ಆ ರಾತ್ರಿ ಉಚ್ಚೆ ಜಾಸ್ತಿ ಬರುತ್ತೆ, ಬೆಳಿಗ್ಗೆ ಮೈ ಒಣಗಿ ಉಚ್ಚೆ ಇನ್ನೂ ಗಟ್ಟಿ ಆಗುತ್ತೆ. ಬಾಳೆದಿಂಡಿನ ಪಲ್ಯ, ರಸ ಇಷ್ಟ ಇದ್ರೆ ತಗೊಳ್ಳಲಿ, ಆದ್ರೆ ಅದು ಕಲ್ಲು ಕರಗಿಸುತ್ತೆ ಅಂತ ನಂಬಿ ನೋವು ಜ್ವರ ಇದ್ರೂ ಮನೇಲಿ ಕೂರಬಾರದು. ಕಲ್ಲಿನ ಜೊತೆ ಜ್ವರ ಚಳಿ ಬಂತು ಅಂದ್ರೆ ಅವತ್ತೇ ಆಸ್ಪತ್ರೆ.

ನೀವು ನಿಮ್ಮ ಬಗ್ಗೆ ಏನೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಕಾಯಿಲೆ ಇಲ್ಲದ ಸಾಮಾನ್ಯ ಮನುಷ್ಯರಿಗೆ ದಿನಕ್ಕೆ ಎಂಟು ಲೋಟ ಅನ್ನೋ ಕಟ್ಟುನಿಟ್ಟಿನ ನಿಯಮ ವಿಜ್ಞಾನದಲ್ಲಿ ಇಲ್ಲ. 1945ರಲ್ಲಿ ಅಮೆರಿಕದ ಆಹಾರ ಮಂಡಳಿಯೊಂದು ದಿನಕ್ಕೆ ಸುಮಾರು ಎರಡೂವರೆ ಲೀಟರ್ ಬೇಕು ಅಂತ ಬರೀತು, ಅದರ ಪಕ್ಕದಲ್ಲೇ ಇದರಲ್ಲಿ ಹೆಚ್ಚಿನ ಭಾಗ ತಿನ್ನೋ ಆಹಾರದಲ್ಲೇ ಇರುತ್ತೆ ಅಂತಾನೂ ಬರೆದಿತ್ತು. ಆ ಎರಡನೇ ವಾಕ್ಯ ಯಾರ ನೆನಪಲ್ಲೂ ಉಳೀಲಿಲ್ಲ. ಬೇಯಿಸಿದ ಅನ್ನದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ, ಗಂಜಿ ಅಂತೂ ಹೇಳೋದೇ ಬೇಡ, ಸೌತೆಕಾಯಲ್ಲಿ 95 ಪರ್ಸೆಂಟ್. ಊಟ ಅರಗುವಾಗ ಮೈಯೊಳಗೇ ದಿನಕ್ಕೆ ಕಾಲು ಲೀಟರ್ ನೀರು ಹುಟ್ಟುತ್ತೆ. ಹೊರಗೆ ಹೋಗೋದು ಉಚ್ಚೇಲಿ ಒಂದು ಒಂದೂವರೆ ಲೀಟರ್, ಉಸಿರು ಮತ್ತು ಚರ್ಮದಿಂದ ಮುಕ್ಕಾಲು ಲೀಟರ್, ಮಲದಲ್ಲಿ ನೂರಿನ್ನೂರು ಮಿಲಿ, ಬೆವರು ಕೆಲಸದ ಮೇಲೆ. ಬಾಯಾರಿದಾಗ ಕುಡಿದು, ಉಚ್ಚೆ ತೆಳು ಹಳದಿ ಇದ್ರೆ ಸಾಕು.

ಬಣ್ಣದ ವಿಷಯ ಬಂದಿದ್ದಕ್ಕೆ ಹೇಳಿಬಿಡ್ತೀನಿ, ಕೊಡವರ ಕಕ್ಕಡ ತಿಂಗಳ 18ನೇ ದಿನ, ಅಂದ್ರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ಪಾಯಸ ತಿಂದು ಮಾರನೇ ದಿನ ಉಚ್ಚೆ ಕೆಂಪಾಯ್ತು ಅಂತ ಹೊರಗಿಂದ ಬಂದ ಸೊಸೆಯಂದಿರು, ನೆಂಟರು ಹೆದರ್ಕೊಂಡು ಓಡಿ ಬರ್ತಾರೆ. ಅದು ಸೊಪ್ಪಿನ ಬಣ್ಣ, ರಕ್ತ ಅಲ್ಲ, ಒಂದೆರಡು ದಿನಕ್ಕೆ ಹೋಗುತ್ತೆ. ಪಾಯಸ ತಿನ್ನದೇ ಕೆಂಪಾದ್ರೆ ಮಾತ್ರ ತಡಮಾಡದೆ ತೋರಿಸಿ. ಬಿ ಕಾಂಪ್ಲೆಕ್ಸ್ ಮಾತ್ರೆ ತಗೊಂಡ್ರೆ ಗಾಢ ಹಳದಿ ಬರುತ್ತೆ, ಅದಕ್ಕೂ ನೀರಿಗೂ ಸಂಬಂಧ ಇಲ್ಲ.

ಕೊಡಗಲ್ಲಿ ಇನ್ನೊಂದು ವಿಶೇಷ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಚಳಿ ಮಳೇಲಿ ಬಾಯಾರಿಕೆನೇ ಆಗಲ್ಲ, ಆದ್ರೆ ಉಚ್ಚೆ ಮಾತ್ರ ಪದೇ ಪದೇ. ಚಳಿಗೆ ಚರ್ಮದ ರಕ್ತನಾಳ ಸಂಕುಚಿತ ಆಗಿ ರಕ್ತ ಎಲ್ಲಾ ಎದೆಗೆ, ಒಳಗಿನ ಅಂಗಾಂಗಕ್ಕೆ ಬರುತ್ತೆ, ಮೈ ಅದನ್ನ "ನೀರು ಜಾಸ್ತಿ ಇದೆ" ಅಂತ ತಿಳ್ಕೊಂಡು ಎಡಿಎಚ್ ಇಳಿಸುತ್ತೆ, ಕಿಡ್ನಿ ನೀರು ಬಿಡುತ್ತೆ. ಬೆವರೂ ಕಮ್ಮಿ ಇರೋದ್ರಿಂದ ಎಲ್ಲಾ ಉಚ್ಚೆಯಲ್ಲೇ ಹೋಗಬೇಕು. ಇದು ಕಾಯಿಲೆ ಅಲ್ಲ, ಆದ್ರೆ ಚಳಿ ಇಲ್ಲದಾಗಲೂ ಹಾಗೇ ಆಗ್ತಿದ್ರೆ, ಜೊತೆಗೆ ಬಾಯಾರಿಕೆ ಜಾಸ್ತಿ ಇದ್ರೆ ಶುಗರ್ ನೋಡಿಸಿ. ನಿಮ್ಮ ಅತ್ತೆ ಹಾಗೆ ವಿಪರೀತ ಕುಡಿಯೋರು ಒಂದು ಕಡೆ, ಇನ್ನೊಂದು ಕಡೆ ಬಚ್ಚಲುಮನೆ ಹೊರಗಿದೆ, ರಾತ್ರಿ ಮಳೇಲಿ ಹೋಗೋಕೆ ಭಯ ಅಂತ ಮಧ್ಯಾಹ್ನದಿಂದಲೇ ನೀರು ಮುಟ್ಟದ ಅಜ್ಜಿಯಂದಿರೂ ಇದ್ದಾರೆ. ಅವರಿಗೆ ಹೇಳೋದು ಬೇರೆ, ದಿನದ ನೀರನ್ನ ಸಂಜೆ ಐದರೊಳಗೆ ಮುಗಿಸಿ, ಮಧ್ಯಾಹ್ನ ಒಂದು ಗಂಟೆ ಕಾಲು ಎತ್ತರಕ್ಕೆ ಇಟ್ಟು ಮಲಗಿ, ಹಗಲು ಕಾಲಲ್ಲಿ ಇಳಿದ ನೀರು ಆಗಲೇ ಉಚ್ಚೆಗೆ ಹೋಗುತ್ತೆ, ರಾತ್ರಿ ಏಳೋದು ಕಮ್ಮಿ ಆಗುತ್ತೆ. ವಯಸ್ಸಾದಂತೆ ಬಾಯಾರಿಕೆ ಮಂದ ಆಗುತ್ತೆ, ಹಾಗಾಗಿ ಅವರ ವಿಷಯದಲ್ಲಿ ಬಾಯಾರಿಕೆ ನಂಬಿ ಕೂರೋಕೆ ಆಗಲ್ಲ, ಮನೆಯವರು ಕಣ್ಣಿಡಬೇಕು.

ಜನವರಿಯಿಂದ ಏಪ್ರಿಲ್ ತನಕ ಲೆಕ್ಕ ತಲೆಕೆಳಗಾಗುತ್ತೆ. ರೋಬಸ್ಟಾ ಕಾಫಿ ಕುಯ್ಲು, ಆಮೇಲೆ ಗಿಡದಲ್ಲಿ ಹೂ ಅರಳಿಸೋಕೆ ಸ್ಪ್ರಿಂಕ್ಲರ್ ಪೈಪು ಹೊರೋ ಕೆಲಸ, ಬಿಸಿಲಲ್ಲಿ ಗಂಟೆಗೆ ಒಂದು ಲೀಟರ್ ತನಕ ಬೆವರು ಹೋಗಬಹುದು. ಬೆವರಲ್ಲಿ ಉಪ್ಪೂ ಹೋಗುತ್ತೆ. ಗಂಟೆಗಟ್ಟಲೆ ಬೆವರಿ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದ್ರೂ ಸೋಡಿಯಂ ಇಳಿಯುತ್ತೆ, 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷೆ ಮಾಡಿದ 488 ಓಟಗಾರರಲ್ಲಿ 13 ಪರ್ಸೆಂಟ್ ಜನರಿಗೆ ಹಾಗಾಗಿತ್ತು. ನಮ್ಮ ಕೌಟುಂಬಿಕ ಹಾಕಿ ಹಬ್ಬದಲ್ಲಿ ಬೇಸಿಗೆ ಬಿಸಿಲಲ್ಲಿ ಆಡೋ ಹುಡುಗರಿಗೂ ಇದನ್ನೇ ಹೇಳೋದು, ಬಾಯಾರಿದಷ್ಟು ಕುಡೀರಿ, ಉಪ್ಪು ಹಾಕಿದ ಮಜ್ಜಿಗೆ, ಉಪ್ಪಿನ ನಿಂಬೆ ಶರಬತ್ತು, ಗಂಜಿ ತಿಳಿ ಕುಡೀರಿ. ವಾಂತಿ ಭೇದಿ ಆದ್ರೆ ಓಆರ್‌ಎಸ್, ಒಂದು ಲೀಟರ್ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ, ಲೋಟಕ್ಕೆ ಸ್ವಲ್ಪ ಸ್ವಲ್ಪ ಕಲಸೋದಲ್ಲ. ಅದರಲ್ಲಿರೋ ಗ್ಲೂಕೋಸ್ ರುಚಿಗೆ ಅಲ್ಲ, ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಜೊತೆ ಸೇರಿದಾಗಲೇ ಸೋಡಿಯಂ ಒಳಗೆ ಹೋಗೋದು, ಅದರ ಹಿಂದೆ ನೀರು ಹೋಗೋದು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಬೊಂಗಾಂವ್ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಬಾಟ್ಲಿ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಇದೇ ದ್ರಾವಣವನ್ನ ಡ್ರಮ್ಮಿಂದ ಕುಡಿಸಿ ಸಾವಿರಾರು ಜನರನ್ನ ಉಳಿಸಿದ್ರು.

ತೋಟ ನಡೆಸೋರು ನೀವು, ಅದಕ್ಕೆ ಕೇಳ್ಕೊಳ್ತೀನಿ, ಕಾಫಿ ಕುಯ್ಯೋಕೆ ಬರೋ ಹೆಂಗಸರು ಬೆಳಿಗ್ಗೆಯಿಂದ ಸಂಜೆ ತನಕ ನೀರೇ ಕುಡಿಯಲ್ಲ, ಯಾಕಂದ್ರೆ ಹೋಗೋಕೆ ಜಾಗ ಇಲ್ಲ. ಉಚ್ಚೆ ಕಟ್ಟಿಕೊಂಡು ಇನ್‌ಫೆಕ್ಷನ್ ಆಗಿ, ಕಲ್ಲಾಗಿ ಬರ್ತಾರೆ. ಅವರಿಗೆ ನೀರು ಕುಡೀರಿ ಅಂತ ನಾನು ಚೀಟಿ ಬರೆದುಕೊಟ್ರೆ ಏನೂ ಆಗಲ್ಲ. ಕುಯ್ಯೋ ಬ್ಲಾಕ್ ಹತ್ರ ಮರೆ ಕಟ್ಟಿದ ಒಂದು ಟಾಯ್ಲೆಟ್, ಒಂದು ಡ್ರಮ್ ಕಾಯಿಸಿದ ನೀರು ಇಟ್ರೆ ಅದೇ ಚಿಕಿತ್ಸೆ. ಕೆಲಸದವರು ಇರೋ ಲೈನ್ ಮನೆ ಹತ್ರ ಇದ್ರೆ ಸಾಲದು, ಕೆಲಸ ನಡೆಯೋ ಜಾಗಕ್ಕೆ ಹತ್ರ ಬೇಕು.

ಕಾಫಿ ಬಗ್ಗೆ ಕೇಳಿದ್ರಿ. ಲೆಕ್ಕಕ್ಕೆ ಬರುತ್ತೆ. ಕೆಫೀನ್ ಸ್ವಲ್ಪ ಉಚ್ಚೆ ಏರಿಸೋದು ನಿಜ, ಆದ್ರೆ ದಿನಾ ಕುಡಿಯೋರಿಗೆ ಮೈ ಒಗ್ಗಿರುತ್ತೆ, ಮೂರು ನಾಲ್ಕು ಲೋಟದ ತನಕ ಕುಡಿದ ನೀರಿಗಿಂತ ಹೆಚ್ಚು ಹೊರಗೆ ಹೋಗಲ್ಲ. ಬೆಲ್ಲದ ಕಾಫಿ ಆದ್ರೂ ಅಷ್ಟೇ, ಹಾಲಿನ ಕಾಫಿ ಆದ್ರೂ ಅಷ್ಟೇ. ಯಜಮಾನರ ಮೂರು ಲೀಟರ್‌ನಲ್ಲಿ ಎರಡು ಲೋಟ ಕಾಫಿ ಸೇರಿಸ್ಕೊಳ್ಳಬಹುದು, ಉಳಿದದ್ದು ನೀರೇ ಆಗಲಿ. ಅತ್ತೆಯ ಕಾಫಿ ನಿಲ್ಲಿಸಬೇಡಿ, ಅವರ ಬಾಟ್ಲಿಯಿಂದ ಕಳೀರಿ.

ಈಗ ಮಾಡಬೇಕಾದ್ದು. ಡಿಸ್‌ಚಾರ್ಜ್ ಆಗಿ ಒಂದು ವಾರದೊಳಗೆ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಮತ್ತೆ ಮಾಡಿಸಿ, ಆ ಮೂರು ನಂಬರನ್ನ ತಾರೀಕು ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದೆ ಯಾವ ಡಾಕ್ಟ್ರು ಬಿಪಿ ಮಾತ್ರೆ ಬದಲಾಯಿಸಿದ್ರೂ "ಇವರಿಗೆ ಮೊದಲು ಸೋಡಿಯಂ 118ಕ್ಕೆ ಇಳಿದಿತ್ತು" ಅಂತ ನೀವೇ ಬಾಯಿಬಿಟ್ಟು ಹೇಳಿ, ಒಂದು ಸಲ ಥಯಾಜೈಡ್‌ನಿಂದ ಹೀಗಾದವರಿಗೆ ಮತ್ತೆ ಅದೇ ಕೊಟ್ರೆ ಮತ್ತೆ ಹಾಗೇ ಆಗೋ ಸಾಧ್ಯತೆ ಜಾಸ್ತಿ. ಹೊಸ ಮಾತ್ರೆ ಶುರುವಾದ ಒಂದೆರಡು ವಾರದಲ್ಲಿ ಟೆಸ್ಟ್ ಕೇಳಿ. ವಾರಕ್ಕೆರಡು ಸಲ ಬೆಳಿಗ್ಗೆ ತೂಕ ನೋಡಿ, ಎರಡು ಮೂರು ದಿನದಲ್ಲಿ ಒಂದೂವರೆ ಎರಡು ಕೆಜಿ ಏರಿದ್ರೆ ಅದು ಊಟದ್ದಲ್ಲ, ನೀರಿನದು. ವಾಕರಿಕೆ, ಹೊಸದಾಗಿ ಮಂಕು, ನಡೆಯೋವಾಗ ತೂರಾಟ, ಹೆಸರು ತಪ್ಪೋದು, ಇದರಲ್ಲಿ ಒಂದು ಕಂಡ್ರೂ ನಾಳೆ ನೋಡೋಣ ಅನ್ನಬೇಡಿ, ಫಿಟ್ಸ್ ಬಂದ್ರೆ ಅಥವಾ ಎಬ್ಬಿಸಿದ್ರೂ ಏಳದಿದ್ರೆ 108ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ಮರ ಬಿದ್ದು, ಗುಡ್ಡದ ಬರೆ ಜರಿದು ರೋಡ್ ಯಾವಾಗ ಬಂದ್ ಆಗುತ್ತೋ ಗೊತ್ತಿಲ್ಲ, ಹಾಗಾಗಿ ನಿಮ್ಮ ಕಡೆಯವರು ಬೇರೆ ಊರಿನವರಿಗಿಂತ ಅರ್ಧ ದಿನ ಮೊದಲೇ ಹೊರಡಬೇಕು, ಹೊರಡೋವಾಗ ಮಾತ್ರೆ ಕವರ್ ಮತ್ತು ಆ ನೋಟ್‌ಬುಕ್ ಜೊತೇಲಿರಲಿ.